ಕಾರು ಹಗಲಿಗೆ, ಸಂತೆ ಸಂಜೆಗೆ: ಜರ್ಮನಿಯ ಕ್ರಿಸ್‌ಮಸ್ ಊರುಗಳಿಗೆ ಎಂಟು ರಾತ್ರಿಯ ಪ್ರವಾಸ

ಡಿಸೆಂಬರ್‌ನಲ್ಲಿ ದಕ್ಷಿಣ ಜರ್ಮನಿಯಲ್ಲಿ ಬೆಳಕಾಗುವುದೇ ಬೆಳಿಗ್ಗೆ ಎಂಟಕ್ಕೆ. ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಈ ಪ್ರವಾಸದ ಎಲ್ಲ ಲೆಕ್ಕ ಶುರುವಾಗುವುದು ಇಲ್ಲಿಂದಲೇ.

ಇದನ್ನು ನಾನು ಕಲಿತದ್ದು ಅಮ್ಮ, ಅಕ್ಕ ಮತ್ತು ಅಕ್ಕನ ಮಕ್ಕಳು ಮೊದಲ ಸಲ ಚಳಿಗಾಲದಲ್ಲಿ ನನ್ನ ಹತ್ತಿರ ಬಂದಾಗ. ನಾನಿರುವುದು ಸ್ಟುಟ್‌ಗಾರ್ಟ್ ಪಕ್ಕ. ಒಂದೇ ದಿನಕ್ಕೆ ಮೂರು ಊರು ಹಾಕಿಕೊಂಡಿದ್ದೆ. ನಕ್ಷೆಯಲ್ಲಿ ಎಲ್ಲ ಹತ್ತಿರವೇ ಕಾಣುತ್ತಿತ್ತು. ಕೊನೆಯ ಊರು ರೋಟೆನ್‌ಬುರ್ಗ್. ನಾವು ಅಲ್ಲಿಗೆ ಮುಟ್ಟುವ ಹೊತ್ತಿಗೆ ಕತ್ತಲೆ, ಹಿಮ ಬೆರೆತ ಮಳೆ, ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಅಮ್ಮ ಆ ಊರನ್ನು ನೋಡಿದ್ದು ಕಾರಿನ ಗಾಜಿನೊಳಗಿಂದ ಮಾತ್ರ. ನನಗೆ ಅದು ಬಹಳ ನೋವಾಯಿತು. ಮುಂದಿನ ವರ್ಷದಿಂದ ಒಂದೇ ನಿಯಮ: ಮಧ್ಯಾಹ್ನ ಮೂರರೊಳಗೆ ಆ ದಿನದ ಊರು ಸೇರಬೇಕು, ಕಾರು ನಿಲ್ಲಿಸಬೇಕು, ಮರುದಿನ ಬೆಳಿಗ್ಗೆಯವರೆಗೆ ಕೀಲಿ ಮುಟ್ಟಬಾರದು. ಸಂತೆ ಇರುವ ಊರಿನಲ್ಲೇ ಮಲಗಬೇಕು. ಕೆಳಗಿನ ಪ್ರತಿ ಹಂತವೂ ಈ ನಿಯಮದ ಸುತ್ತ ಹೆಣೆದದ್ದು.

ಹಂತ 1: ದಿನಾಂಕ ಗೊತ್ತು ಮಾಡಿ

ಕ್ರಿಸ್‌ಮಸ್ ಸಂತೆ ಅಂದರೆ ಕ್ರಿಸ್‌ಮಸ್ ದಿನದ ಸಂತೆ ಅಂದುಕೊಂಡು ಡಿಸೆಂಬರ್ 25ಕ್ಕೆ ಟಿಕೆಟ್ ಮಾಡಿಸುವವರು ತುಂಬ ಜನ. ಅದು ಹಾಗಲ್ಲ. ಇದು ಅಡ್ವೆಂಟ್ ಕಾಲದ ಸಂತೆ, ಅಂದರೆ ಹಬ್ಬಕ್ಕೆ ಕಾಯುವ ನಾಲ್ಕು ವಾರಗಳದ್ದು. ಹೆಚ್ಚಿನವು ನವೆಂಬರ್ ಕೊನೆಯ ವಾರದಲ್ಲಿ ಶುರುವಾಗಿ 22, 23 ಅಥವಾ 24ಕ್ಕೆ ಮುಗಿಯುತ್ತವೆ. 24ರ ಮಧ್ಯಾಹ್ನದಿಂದ ಊರಿಗೆ ಊರೇ ಮೌನ. 25 ಮತ್ತು 26 ಎರಡೂ ರಜೆ, ದಿನಸಿ ಅಂಗಡಿಯೂ ತೆಗೆಯುವುದಿಲ್ಲ.

ಡಿಸೆಂಬರ್ 25ರ ಹಿಂದಿನ ನಾಲ್ಕು ಭಾನುವಾರಗಳನ್ನು ಎಣಿಸಿ. ನಾಲ್ಕನೆಯದೇ ಮೊದಲ ಅಡ್ವೆಂಟ್. 2026ರಲ್ಲಿ ಅದು ನವೆಂಬರ್ 29. ನ್ಯೂರೆಂಬರ್ಗ್ ಸಂತೆ ಯಾವಾಗಲೂ ಅದರ ಹಿಂದಿನ ಶುಕ್ರವಾರ ಶುರುವಾಗುತ್ತದೆ. ನನ್ನ ಆಯ್ಕೆ ಡಿಸೆಂಬರ್‌ನ ಮೊದಲ ಹತ್ತು ದಿನ. ಸಂತೆ ಪೂರ್ತಿ ಕಳೆಗಟ್ಟಿರುತ್ತದೆ, ಕೊನೆಯ ವಾರದ ನೂಕುನುಗ್ಗಲು ಇನ್ನೂ ಬಂದಿರುವುದಿಲ್ಲ.

ವಾರದ ದಿನವೂ ಮುಖ್ಯ. ಹೆಸರುವಾಸಿ ಊರುಗಳನ್ನು ಸೋಮವಾರದಿಂದ ಗುರುವಾರದೊಳಗೆ ಇಟ್ಟುಕೊಳ್ಳಿ. ತೀರಾ ಸಣ್ಣ ಊರುಗಳಲ್ಲಿ ಸಂತೆ ಶನಿವಾರ, ಭಾನುವಾರ ಮಾತ್ರ ಇರುವುದುಂಟು. ಹೊರಡುವ ಮೊದಲು ಆಯಾ ಊರಿನ ನಗರಸಭೆಯ ಪುಟದಲ್ಲಿ ದಿನ, ಸಮಯ ಎರಡನ್ನೂ ನೋಡಿಕೊಳ್ಳಿ.

ಹಂತ 2: ಕಾಗದ ಪತ್ರ

ಷೆಂಗೆನ್ ವೀಸಾ ಬೇಕು, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲೇ, ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದಲ್ಲಿ ಕೊಡಬಹುದು. ಡಿಸೆಂಬರ್ ಪ್ರವಾಸಕ್ಕೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲೇ ಕೆಲಸ ಶುರು ಮಾಡಿ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ.

ಕಾರು ಓಡಿಸುವವರು ಮೂಲ ಚಾಲನಾ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಇದನ್ನು ನಮ್ಮ ಆರ್‌ಟಿಒ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ. ಎರಡೂ ಒಟ್ಟಿಗೆ ಇರಬೇಕು. ಒಂದೇ ಇದ್ದರೆ ಬಾಡಿಗೆ ಕೌಂಟರ್‌ನಲ್ಲಿ ಕಾರು ಕೊಡದೆ ಹೋಗಬಹುದು.

ಹಂತ 3: ಕಾರು ಮತ್ತು ಟೈರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಈ ಹಂತದಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ.

ಜರ್ಮನಿಯಲ್ಲಿ ಚಳಿಗಾಲದ ಟೈರು ಕ್ಯಾಲೆಂಡರ್ ನೋಡಿ ಕಡ್ಡಾಯವಾಗುವುದಿಲ್ಲ, ರಸ್ತೆ ನೋಡಿ ಆಗುತ್ತದೆ. ರಸ್ತೆಯ ಮೇಲೆ ಹಿಮ, ಕೆಸರುಹಿಮ ಅಥವಾ ಮಂಜುಗಡ್ಡೆ ಇದ್ದರೆ ಆ ಟೈರು ಇರಲೇಬೇಕು. ಇಲ್ಲದಿದ್ದರೆ 60 ಯೂರೋ ದಂಡದಿಂದ ಶುರು. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನು ಹುಡುಕಿ. 2024ರ ಅಕ್ಟೋಬರ್‌ನಿಂದ ಈ ಗುರುತು ಇರುವ ಟೈರಿಗೆ ಮಾತ್ರ ಮಾನ್ಯತೆ. ಬರೀ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಸಾಲದು. ಟೈರಿನ ಮೇಲಿನ ಗೀರುಗಳ ಆಳ ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಇದ್ದರೆ ಸಾಕು. ಆದರೆ ಹಿಮದ ಮೇಲೆ 4 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಹಿಡಿತ ಸಿಗುವುದಿಲ್ಲ ಅಂತ ಇಲ್ಲಿನ ವಾಹನ ಸಂಘಗಳು ಹೇಳುತ್ತವೆ.

ಆನ್‌ಲೈನ್‌ನಲ್ಲಿ ಕಾರು ಬುಕ್ ಮಾಡುವಾಗ ಚಳಿಗಾಲದ ಟೈರು ಬೆಲೆಯಲ್ಲಿ ಸೇರಿದೆಯಾ ಅಂತ ನೋಡಿ. ಕೆಲವು ಕಡೆ ಅದಕ್ಕೆ ಬೇರೆ ದುಡ್ಡು. ಆಟೊಮ್ಯಾಟಿಕ್ ಗೇರು ಬೇಕಾದರೆ ಅದನ್ನೇ ಆರಿಸಿ. ರಸ್ತೆಯ ಬಲಬದಿ, ಎಡಕ್ಕೆ ಸ್ಟೀರಿಂಗ್, ಇಷ್ಟು ಹೊಸದು ಸಾಕು. ಬಲಗೈಯಲ್ಲಿ ಗೇರು ಹಾಕುವುದನ್ನು ಬೇರೆ ಯಾಕೆ ಸೇರಿಸಿಕೊಳ್ಳಬೇಕು? ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಲ್ಲೇ ಇರಲಿ. ಕಾರಿಗೆ ಹಾನಿಯಾದರೆ ನೀವು ಕೊಡಬೇಕಾದ ಪಾಲು ಸೊನ್ನೆ ಇರುವ ವಿಮೆಯನ್ನು ತೆಗೆದುಕೊಳ್ಳಿ. ಚಳಿಗಾಲದಲ್ಲಿ ಸಣ್ಣ ಗೀರು ಬೀಳುವುದು ಜಾಸ್ತಿ. 12 ವರ್ಷದೊಳಗಿನ, 150 ಸೆಂಟಿಮೀಟರ್‌ಗಿಂತ ಗಿಡ್ಡ ಇರುವ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ.

ಕಾರು ಕೈಗೆ ಬಂದಾಗ ನೋಡಬೇಕಾದ್ದು ನಾಲ್ಕು: ಟೈರಿನ ಗುರುತು, ಗಾಜು ಕೆರೆಯುವ ಪ್ಲಾಸ್ಟಿಕ್ ಹಲಗೆ, ಹೆಪ್ಪುಗಟ್ಟದ ವೈಪರ್ ನೀರು, ಮತ್ತು ಕಾರಿನ ಹೊಗೆ ಕಡಿಮೆ ಅಂತ ತೋರಿಸುವ, ಗಾಜಿನ ಮೇಲಿನ ಹಸಿರು ಚೀಟಿ. ಆ ಹಸಿರು ಚೀಟಿ ಇಲ್ಲದೆ ಸ್ಟುಟ್‌ಗಾರ್ಟ್, ಮ್ಯೂನಿಕ್‌ನಂಥ ಊರುಗಳ ಒಳಗೆ ಹೋಗುವ ಹಾಗಿಲ್ಲ.

ಹಂತ 4: ದಾರಿ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಹಾಗಾಗಿ ಈ ದಾರಿ ಫ್ರಾಂಕ್‌ಫರ್ಟ್‌ನಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಒಟ್ಟು ಸುಮಾರು 750 ಕಿಲೋಮೀಟರ್. ಎಂಟು ರಾತ್ರಿಗೆ ಇದು ಕಡಿಮೆ ಅನಿಸಬಹುದು. ಬೇಕಂತಲೇ ಕಡಿಮೆ ಇಟ್ಟದ್ದು.

*ಭಾನುವಾರ, ಫ್ರಾಂಕ್‌ಫರ್ಟ್.* ರಾತ್ರಿ ವಿಮಾನದಲ್ಲಿ ನಿದ್ದೆಗೆಟ್ಟು ಬಂದು ಅದೇ ದಿನ ಸ್ಟೀರಿಂಗ್ ಹಿಡಿಯಬೇಡಿ. ನಿಲ್ದಾಣದಿಂದ ರೈಲಿನಲ್ಲಿ ಊರೊಳಗೆ ಹೋಗಿ, ಮಧ್ಯಾಹ್ನ ಮಲಗಿ ಎದ್ದು ಸಂಜೆ ರೋಮರ್‌ಬೆರ್ಗ್ ಚೌಕದ ಸಂತೆ ನೋಡಿ. ಕಾರನ್ನು ಸೋಮವಾರ ಬೆಳಿಗ್ಗೆ ಊರೊಳಗಿನ ಕೌಂಟರ್‌ನಿಂದ ತೆಗೆದುಕೊಳ್ಳಿ.

*ಸೋಮವಾರ, ರೋಟೆನ್‌ಬುರ್ಗ್.* ವ್ಯೂರ್ಟ್ಸ್‌ಬುರ್ಗ್‌ವರೆಗೆ ಸುಮಾರು 120 ಕಿಲೋಮೀಟರ್, ಅಲ್ಲಿ ಊಟ. ಮುಂದೆ 65. ರೋಟೆನ್‌ಬುರ್ಗ್ ಕೋಟೆಯೊಳಗಿನ ಊರು. ಗೋಡೆಯ ಹೊರಗೆ ಪಿ1ರಿಂದ ಪಿ5ರವರೆಗೆ ಪಾರ್ಕಿಂಗ್ ಇದೆ, ಕಾರನ್ನು ಅಲ್ಲೇ ಬಿಡಿ. ಬೆಳಕಿರುವಾಗಲೇ ಕೋಟೆಗೋಡೆಯ ಮೇಲೆ ನಡೆಯಿರಿ. ಮೇಲೆ ಹೆಂಚಿನ ಮಾಡು ಇರುವುದರಿಂದ ಹಿಮ ಬಿದ್ದರೂ ನಡೆಯಬಹುದು. ಗೋಡೆಯಲ್ಲಿ ಹೆಸರು ಕೆತ್ತಿದ ಕಲ್ಲುಗಳು ಕಾಣುತ್ತವೆ. 1945ರ ಮಾರ್ಚ್ 31ರ ಬಾಂಬು ದಾಳಿಯಲ್ಲಿ ಊರಿನ ದೊಡ್ಡ ಭಾಗ ಸುಟ್ಟುಹೋಯಿತು. ಮತ್ತೆ ಕಟ್ಟಲು ಜಗತ್ತಿನ ಬೇರೆ ಬೇರೆ ಕಡೆಯಿಂದ ಹಣ ಕೊಟ್ಟವರ ಹೆಸರುಗಳು ಅವು. ಇದನ್ನು ತಿಳಿದು ಸಂಜೆ ಸಂತೆಗೆ ಇಳಿದರೆ ಊರು ಬೇರೆ ಥರ ಕಾಣುತ್ತದೆ. ಇಲ್ಲಿನ ಸಂತೆಗೆ ರೈಟರ್ಲೆಸ್‌ಮಾರ್ಕ್ಟ್ ಅಂತ ಹೆಸರು, ಜನಪದ ಕಥೆಯ ಒಬ್ಬ ಕುದುರೆ ಸವಾರನಿಂದ ಬಂದದ್ದು. ಸಂತೆ ಸಣ್ಣದು, ಒಂದು ಗಂಟೆಯಲ್ಲಿ ಮುಗಿಯುತ್ತದೆ. ಇಲ್ಲಿ ಉಳಿಯುವುದು ಅದಾದ ಮೇಲಿನ ಹೊತ್ತಿಗಾಗಿ. ಬಸ್ಸಿನಲ್ಲಿ ಬಂದವರೆಲ್ಲ ವಾಪಸು ಹೋಗಿರುತ್ತಾರೆ. ಕಲ್ಲುಹಾಸಿನ ಮೇಲೆ ನಿಮ್ಮ ಹೆಜ್ಜೆ ಸದ್ದು ಮಾತ್ರ.

*ಮಂಗಳವಾರ, ಬುಧವಾರ, ನ್ಯೂರೆಂಬರ್ಗ್.* ದಾರಿ 80 ಕಿಲೋಮೀಟರ್ ಆಸುಪಾಸು. ಎಲ್ಲರಿಗೂ ಗೊತ್ತಿರುವ ಕ್ರಿಸ್‌ಮಸ್ ಸಂತೆ, ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್, ಇದೇ. ಕಾರನ್ನು ಹೊರವಲಯದ ಪಾರ್ಕಿಂಗ್‌ನಲ್ಲೋ ಹೋಟೆಲಿನಲ್ಲೋ ಬಿಟ್ಟು ಮೆಟ್ರೊದಲ್ಲಿ ಬನ್ನಿ. ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಮರದ ಅಂಗಡಿಗಳ ಸಾಲು. ಅದಕ್ಕೇ ಇದನ್ನು ಮರ ಮತ್ತು ಬಟ್ಟೆಯ ಪುಟ್ಟ ಊರು ಅಂತ ಕರೆಯುತ್ತಾರೆ. ಎರಡು ವರ್ಷಕ್ಕೊಮ್ಮೆ ಊರಿನ ಒಬ್ಬಳು ಹುಡುಗಿಯನ್ನು ಕ್ರಿಸ್ಟ್‌ಕಿಂಡ್ (ಕ್ರಿಸ್ತ ಶಿಶು) ಆಗಿ ಆರಿಸುತ್ತಾರೆ. ಬಂಗಾರದ ಬಣ್ಣದ ಉಡುಪು ತೊಟ್ಟು ಫ್ರೌಯನ್‌ಕಿರ್ಖೆ ಚರ್ಚಿನ ಮೇಲಂತಸ್ತಿನಿಂದ ಆಕೆ ಸಂತೆಯನ್ನು ಉದ್ಘಾಟಿಸುತ್ತಾಳೆ.

ಇಲ್ಲಿ ಕೊಳ್ಳಲೇಬೇಕಾದ್ದು ಲೇಬ್‌ಕೂಖನ್. ಜೇನು, ಬೀಜಗಳು ಮತ್ತು ಮಸಾಲೆಯ ಮೆತ್ತನೆ ಬಿಸ್ಕತ್ತು ಅನ್ನಬಹುದು. ಮೂಗಿನ ಹತ್ತಿರ ಹಿಡಿದು ನೋಡಿ. ಏಲಕ್ಕಿ, ಲವಂಗ, ದಾಲ್ಚಿನ್ನಿ, ಎಲ್ಲ ನಮ್ಮ ಅಡುಗೆಮನೆಯ ಡಬ್ಬಿಯ ವಾಸನೆಯೇ. ನ್ಯೂರೆಂಬರ್ಗ್ ಹಳೇ ಕಾಲದಿಂದ ಮಸಾಲೆ ವ್ಯಾಪಾರದ ಊರು. ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ ಹಡಗು ಹತ್ತಿದ ಸಾಂಬಾರ ಪದಾರ್ಥ ವೆನಿಸ್ ದಾಟಿ ಇಲ್ಲಿಗೆ ಬರುತ್ತಿತ್ತು. ಪಕ್ಕದ ಕಾಡಿನ ಜೇನು ಅದಕ್ಕೆ ಸೇರಿತು. ಅಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು “ಇದ್ರಲ್ಲಿ ನಮ್ಮ ಏಲಕ್ಕಿ ಇದೆ ಅಲ್ವೇನೋ” ಅಂದದ್ದು ಈಗಲೂ ಕಿವಿಯಲ್ಲಿದೆ. ಡಬ್ಬದ ಮೇಲೆ ‘ಎಲೀಸೆನ್’ ಅಂತ ಇದ್ದರೆ ಅದು ಮೇಲ್ದರ್ಜೆಯದು: ಹಿಟ್ಟು ಶೇಕಡ 10ಕ್ಕಿಂತ ಹೆಚ್ಚಿರುವಂತಿಲ್ಲ, ಬಾದಾಮಿಯಂಥ ಬೀಜಗಳು ಶೇಕಡ 25ಕ್ಕಿಂತ ಕಡಿಮೆ ಇರುವಂತಿಲ್ಲ. ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ.

ಮಕ್ಕಳಿದ್ದರೆ ಹಾನ್ಸ್ ಸಾಕ್ಸ್ ಚೌಕದ ಮಕ್ಕಳ ಸಂತೆಗೆ ಒಂದು ಪೂರ್ತಿ ಸಂಜೆ ಇಡಿ. ಎರಡು ರಾತ್ರಿ ಹೇಳಿದ್ದು ಅದಕ್ಕೇ.

*ಗುರುವಾರ, ನೋರ್ಡ್ಲಿಂಗನ್.* ಮಧ್ಯಾಹ್ನ ಡಿಂಕೆಲ್ಸ್‌ಬ್ಯೂಲ್‌ನಲ್ಲಿ ಇಳಿದು, ಅಲ್ಲಿಂದ 30 ಕಿಲೋಮೀಟರ್. ಇದು ರೋಮ್ಯಾಂಟಿಕ್ ರೋಡ್ ಅಂತ ಕರೆಯುವ ದಾರಿಯ ತುಂಡು. ನೋರ್ಡ್ಲಿಂಗನ್ ಇರುವುದು ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಉಲ್ಕೆ ಅಪ್ಪಳಿಸಿದ ಗುಂಡಿಯೊಳಗೆ. 1970ರಲ್ಲಿ ಅಪೊಲೊ ಯಾತ್ರಿಕರನ್ನು ಚಂದ್ರನ ಕಲ್ಲುಗಳ ಅಭ್ಯಾಸಕ್ಕೆ ಇಲ್ಲಿಗೆ ಕರೆತಂದಿದ್ದರು. 2.7 ಕಿಲೋಮೀಟರ್ ಕೋಟೆಗೋಡೆಯನ್ನು ಪೂರ್ತಿ ಸುತ್ತು ಹಾಕಬಹುದು. ಚರ್ಚಿನ ಗೋಪುರದಿಂದ ಕಾವಲುಗಾರ ರಾತ್ರಿ ಹತ್ತರ ಮೇಲೆ ಅರ್ಧ ಗಂಟೆಗೊಮ್ಮೆ “ಸೋ, ಕ್ಸೆಲ್, ಸೋ” ಅಂತ ಇಂದಿಗೂ ಕೂಗುತ್ತಾನೆ. ಕಿಟಕಿ ಸ್ವಲ್ಪ ತೆಗೆದು ಕೇಳಿ.

*ಶುಕ್ರವಾರ, ಶನಿವಾರ, ಎಸ್ಲಿಂಗನ್.* ದಾರಿಯಲ್ಲಿ ಉಲ್ಮ್. 161.53 ಮೀಟರ್ ಎತ್ತರದ ಚರ್ಚಿನ ಬುಡದಲ್ಲೇ ಸಂತೆ ಸೇರುತ್ತದೆ. ಉಲ್ಮ್‌ನಿಂದ ಎಸ್ಲಿಂಗನ್‌ಗೆ 80 ಕಿಲೋಮೀಟರ್ ಹತ್ತಿರ. ವಾರಾಂತ್ಯ ಎಲ್ಲಾದರೂ ಒಂದು ಕಡೆ ಬೀಳಲೇಬೇಕು. ಎಸ್ಲಿಂಗನ್‌ನಲ್ಲಿ ಬಿದ್ದರೆ ಶುಕ್ರವಾರವೇ ಆದಷ್ಟು ಬೇಗ ಸಂತೆಗೆ ಹೋಗಿ. ಇಲ್ಲಿ ಮಧ್ಯಯುಗದ ಸಂತೆ ನಡೆಯುತ್ತದೆ. ಕಮ್ಮಾರ, ಬುಟ್ಟಿ ಹೆಣೆಯುವವರು ಹಳೇ ಕಾಲದ ಉಡುಪಿನಲ್ಲಿ ಕೆಲಸ ಮಾಡುತ್ತಾ ಕೂತಿರುತ್ತಾರೆ. ಪಂಜಿನ ಬೆಳಕು, ಹೊಗೆ, ಕಬ್ಬಿಣ ಬಡಿಯುವ ಸದ್ದು. ಎಲ್ಲ ಸಂತೆಗಳಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಶನಿವಾರ ಕಾರು ಬೇಡ. ಲೋಕಲ್ ರೈಲಿನಲ್ಲಿ ಸ್ಟುಟ್‌ಗಾರ್ಟ್‌ಗೆ ಹೋಗಿ, ಅಲ್ಲಿಂದ ಲುಡ್ವಿಗ್ಸ್‌ಬುರ್ಗ್‌ಗೆ. ಸ್ಟುಟ್‌ಗಾರ್ಟ್‌ನಲ್ಲಿ ತಲೆ ಎತ್ತಿ ನಡೆಯಿರಿ, ಅಂಗಡಿಗಳ ಅಲಂಕಾರ ಇರುವುದೇ ಮಾಡಿನ ಮೇಲೆ. ಬೆಂಗಳೂರಿನ ಬಾಷ್, ಮರ್ಸಿಡಿಸ್ ಕಚೇರಿಗಳಿಂದ ಇಲ್ಲಿಗೆ ಬಂದವರು ಎಷ್ಟೋ ಜನ. ಈ ಜಂಗುಳಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನಿಂತು ಮಾತಾಡಿಸಿ.

*ಭಾನುವಾರ, ಹೈಡೆಲ್‌ಬರ್ಗ್.* ಸುಮಾರು 120 ಕಿಲೋಮೀಟರ್. ಕೊನೆಯ ರಾತ್ರಿ. ಮಾರನೇ ದಿನ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ದಾರಿ.

ಹಂತ 5: ಹಿಮದ ರಸ್ತೆಯ ಮೇಲೆ

ಬೆಳಿಗ್ಗೆ ಕಾರಿನ ಗಾಜು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಬಿಸಿನೀರು ಸುರಿಯಬೇಡಿ, ಗಾಜು ಸೀಳುತ್ತದೆ. ಹಲಗೆಯಿಂದ ಎಲ್ಲ ಗಾಜನ್ನೂ ಪೂರ್ತಿ ಕೆರೆಯಿರಿ. ಇಣುಕುವಷ್ಟು ಜಾಗ ಮಾಡಿಕೊಂಡು ಹೊರಟರೆ ದಂಡ. ಮಾಡಿನ ಮೇಲಿನ ಹಿಮವನ್ನೂ ತಳ್ಳಿ, ಬ್ರೇಕ್ ಹಾಕಿದಾಗ ಅದು ಮುಂದಿನ ಗಾಜಿನ ಮೇಲೆ ಜಾರುತ್ತದೆ. ಇಂಜಿನ್ ಬಿಸಿಯಾಗಲಿ ಅಂತ ಸುಮ್ನೆ ನಿಲ್ಲಿಸಿ ಓಡಿಸುವುದೂ ಇಲ್ಲಿ ತಪ್ಪು. ಈ ಕೆಲಸಕ್ಕೆ ದಿನಾ 15 ನಿಮಿಷ ಎತ್ತಿಡಿ. ಒಂಬತ್ತೂವರೆಗೆ ಹೊರಟರೆ ಒಳ್ಳೆಯದು, ಆ ಹೊತ್ತಿಗೆ ರಸ್ತೆಗೆ ಉಪ್ಪು ಹಾಕಿ ಆಗಿರುತ್ತದೆ.

ಕಣ್ಣಿಗೆ ಕಾಣುವ ಹಿಮಕ್ಕಿಂತ ಕಾಣದ ಮಂಜುಗಡ್ಡೆ ಕೆಟ್ಟದ್ದು. ಸೇತುವೆಯ ಮೇಲೆ, ಕಾಡಿನ ನೆರಳಿನಲ್ಲಿ ಒದ್ದೆಯ ಹಾಗೆ ಹೊಳೆಯುವ ರಸ್ತೆ ಕಂಡರೆ ಆಕ್ಸಿಲರೇಟರ್‌ನಿಂದ ಕಾಲು ನಿಧಾನಕ್ಕೆ ತೆಗೆಯಿರಿ. ಥಟ್ಟನೆ ಬ್ರೇಕ್ ಬೇಡ, ಥಟ್ಟನೆ ತಿರುಗಿಸುವುದೂ ಬೇಡ. ಸ್ಪೀಡೊಮೀಟರ್‌ನ ಅರ್ಧದಷ್ಟು ಮೀಟರ್ ದೂರ ಬಿಡಿ ಅನ್ನುವುದು ಇಲ್ಲಿನವರ ಲೆಕ್ಕ. 100ರಲ್ಲಿ ಹೋಗುತ್ತಿದ್ದರೆ 50 ಮೀಟರ್. ಹಿಮ ಇದ್ದರೆ ಅದರ ಎರಡು ಪಟ್ಟು ಬಿಡಿ. ಮಂಜು ಕವಿದು 50 ಮೀಟರ್ ಆಚೆ ಕಾಣದಿದ್ದರೆ 50 ಕಿಲೋಮೀಟರ್ ವೇಗ ದಾಟುವಂತಿಲ್ಲ.

ಆಟೊಬಾನ್‌ನಲ್ಲಿ, ಅಂದರೆ ಇಲ್ಲಿನ ಹೆದ್ದಾರಿಯಲ್ಲಿ, ಕಾರಿಗೆ ಟೋಲ್ ಇಲ್ಲ. ಎಷ್ಟೋ ಕಡೆ ವೇಗಮಿತಿಯೂ ಇಲ್ಲ, 130 ಬರೀ ಸಲಹೆ. ಬಲ ಸಾಲಿನಲ್ಲಿ 100, 110ರಲ್ಲಿ ನೆಮ್ಮದಿಯಾಗಿ ಹೋಗಿ. ಟ್ರಾಫಿಕ್ ನಿಂತ ತಕ್ಷಣ ಎಡ ತುದಿಯ ಸಾಲಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ಮಧ್ಯೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಆಂಬುಲೆನ್ಸ್ ಬರುವ ಮೊದಲೇ ಬಿಡಬೇಕು, ಬಂದ ಮೇಲಲ್ಲ. ಊರೊಳಗೆ ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ತುರ್ತಿಗೆ 112, ಪೊಲೀಸರಿಗೆ 110.

ಕೆಲವು ಪಾರ್ಕಿಂಗ್‌ಗಳಲ್ಲಿ ದುಡ್ಡಿನ ಬದಲು ನೀಲಿ ಗಡಿಯಾರದ ರಟ್ಟು ಇಡಬೇಕು. ಬಂದ ಸಮಯದ ಮುಂದಿನ ಅರ್ಧ ಗಂಟೆಗೆ ಮುಳ್ಳು ತಿರುಗಿಸಿ. ಎರಡು ಗಂಟೆ ಹತ್ತು ನಿಮಿಷಕ್ಕೆ ಬಂದರೆ ಎರಡೂವರೆ.

ಬರ್ಲಿನ್‌ನಲ್ಲಿ 2016ರಲ್ಲಿ, ಮಾಗ್ಡೆಬುರ್ಗ್‌ನಲ್ಲಿ 2024ರಲ್ಲಿ ಸಂತೆಯೊಳಗೆ ವಾಹನ ನುಗ್ಗಿಸಿ ದಾಳಿ ಮಾಡಿದರು. ಅದರಿಂದ ಸಂತೆಯ ಸುತ್ತ ಈಗ ದೊಡ್ಡ ತಡೆಗಳು, ಮುಚ್ಚಿದ ಬೀದಿಗಳು. ಫೋನಿನ ನಕ್ಷೆ ಚೌಕದವರೆಗೂ ದಾರಿ ತೋರಿಸಿದರೂ ನಂಬಬೇಡಿ, ಪಾರ್ಕಿಂಗ್ ಹೆಸರನ್ನೇ ಹಾಕಿ. ದೊಡ್ಡ ಚೀಲ ಬೇಡ. ಹಣ್ಣು ಕೊಯ್ಯುವ ಚಾಕುವೂ ಸಂತೆಯೊಳಗೆ ನಿಷಿದ್ಧ.

ಹಂತ 6: ಸಂತೆಯಲ್ಲಿ

ಎಲ್ಲರ ಕೈಯಲ್ಲೂ ಬಿಸಿ ಮಗ್ ಕಾಣುತ್ತದೆ. ಅದು ಗ್ಲೂವೈನ್, ಮಸಾಲೆ ಹಾಕಿ ಬಿಸಿ ಮಾಡಿದ ವೈನ್. ಓಡಿಸುವವರ ರಕ್ತದಲ್ಲಿ ಮದ್ಯದ ಮಿತಿ ಸಾವಿರಕ್ಕೆ 0.5 ಇದೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಓಡಿಸುವಾಗ ತಪ್ಪಾದರೆ 0.3ಕ್ಕೇ ಕೇಸು ಬೀಳಬಹುದು. ಕಾರು ರಾತ್ರಿಯಿಡೀ ನಿಂತಿದ್ದರೆ ಈ ಲೆಕ್ಕವೇ ಬೇಡ. ಮದ್ಯ ಬೇಡದವರಿಗೆ, ಮಕ್ಕಳಿಗೆ ಕಿಂಡರ್‌ಪುನ್ಶ್ ಇದೆ. ಹಣ್ಣಿನ ರಸ, ಅದೇ ಮಸಾಲೆ, ಅದೇ ಬಿಸಿ.

ಮಗ್‌ಗೆ ಕೆಲವು ಯೂರೋ ಮುಂಗಡ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಫಾಂಡ್ ಅಂತ ಹೆಸರು. ವಾಪಸು ಕೊಟ್ಟರೆ ದುಡ್ಡು ವಾಪಸು. ಇಷ್ಟವಾದರೆ ಮಗ್ ಮನೆಗೆ ಒಯ್ಯಬಹುದು. ಊರಿನ ಹೆಸರು, ಚಿತ್ರ ಇರುತ್ತದೆ. ಕಾರ್ಡು ಎಲ್ಲ ಅಂಗಡಿಯಲ್ಲೂ ನಡೆಯುವುದಿಲ್ಲ. ಚಿಲ್ಲರೆ ನೋಟು, ನಾಣ್ಯ ಇಟ್ಟುಕೊಳ್ಳಿ. ಶೌಚಾಲಯಕ್ಕೂ ನಾಣ್ಯ ಬೇಕು.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಆಲೂಗಡ್ಡೆ ತುರಿದು ಕರಿದ ಕಾರ್ಟೋಫೆಲ್‌ಪುಫರ್ ಅನ್ನು ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಬಿಸಿಬಿಸಿ ತಿಂದರೆ ಅದರ ಮುಂದೆ ಬೇರೆ ಇಲ್ಲ. ಬೆಳ್ಳುಳ್ಳಿ ಸಾಸಿನ ಅಣಬೆ, ಚೀಸ್ ಹಾಕಿದ ನೂಡಲ್ಸಿನಂಥ ಕೇಸ್‌ಷ್ಪೆಟ್ಸ್ಲೆ, ಸುಟ್ಟ ಚೆಸ್ಟ್‌ನಟ್, ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ಎಲ್ಲೆಡೆ ಸಿಗುತ್ತವೆ. ಷ್ಪೆಟ್ಸ್ಲೆಯಲ್ಲಿ ಮೊಟ್ಟೆ ಇರುತ್ತದೆ, ಪುಫರ್‌ನಲ್ಲೂ ಹೆಚ್ಚಾಗಿ ಇರುತ್ತದೆ. ಫ್ಲಾಮ್‌ಕೂಖನ್ ಅನ್ನುವ ತೆಳು ರೊಟ್ಟಿಯ ಮೇಲೆ ಹಂದಿಮಾಂಸದ ಚೂರು ಹಾಕುವ ರೂಢಿ. ಕೇಳಬೇಕಾದ ಮಾತು ಇಷ್ಟೇ: “ಇಸ್ಟ್ ದಾಸ್ ವೆಗೆಟಾರಿಷ್?” ಮೊಟ್ಟೆ ಬೇಡದಿದ್ದರೆ “ಓನೆ ಆಯ್.”

ನಡೆಯುವಾಗಿನ ಚಳಿ ಬೇರೆ, ನಿಂತಾಗಿನ ಚಳಿ ಬೇರೆ. ಸಂತೆಯಲ್ಲಿ ನಿಲ್ಲುವುದೇ ಜಾಸ್ತಿ. ಚಳಿ ಕಲ್ಲುಹಾಸಿನಿಂದ ಪಾದದ ಮೂಲಕ ಮೇಲೆ ಹತ್ತುತ್ತದೆ. ಹಾಗಾಗಿ ಕೋಟಿಗಿಂತ ಮೊದಲು ಶೂ ನೋಡಿ: ದಪ್ಪ ರಬ್ಬರ್ ತಳ, ಉಣ್ಣೆ ಕಾಲುಚೀಲ, ಬೆರಳು ಆಡಿಸಲು ಜಾಗ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಸೀರೆ ಉಡುವ ಅಮ್ಮಂದಿರಿಗೆ ಒಳಗೆ ಉಣ್ಣೆಯ ಲೆಗ್ಗಿಂಗ್ಸ್, ಕಾಲಿಗೆ ಬೂಟು ಇದ್ದರೆ ಸಂಜೆ ಪೂರ್ತಿ ಆರಾಮಾಗಿ ಇರುತ್ತಾರೆ. ನನ್ನ ಅಮ್ಮ ಹಾಗೇ ಇದ್ದರು. ಒಂದೂವರೆ ಗಂಟೆಗೊಮ್ಮೆ ಎಲ್ಲಾದರೂ ಒಳಗೆ ಹೋಗಿ ಕೂತು ಕೈಕಾಲು ಬಿಸಿ ಮಾಡಿಕೊಳ್ಳಿ.

ಹಂತ 7: ವಾಪಸು

ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಕೊನೆಯ ಖರೀದಿ ಶನಿವಾರವೇ ಮುಗಿಸಿ. ನಿಲ್ದಾಣದ ಒಳಗೆ ಹೋಗುವ ಮೊದಲು ಟ್ಯಾಂಕ್ ತುಂಬಿಸಿ. ಇಲ್ಲಿ ನೀವೇ ತುಂಬಿಸಿ, ಪಂಪಿನ ನಂಬರ್ ನೆನಪಿಟ್ಟುಕೊಂಡು ಒಳಗೆ ದುಡ್ಡು ಕೊಡಬೇಕು. ಕಾರಿನ ನಾಲ್ಕೂ ಬದಿ, ಚಕ್ರ, ಮುಂದಿನ ಗಾಜು, ಇಂಧನದ ಮುಳ್ಳು, ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಉಪ್ಪುನೀರು ಒಣಗಿ ಕಾರು ಬೂದು ಬಣ್ಣಕ್ಕೆ ತಿರುಗಿದ್ದರೆ ಗೀರು ಕಾಣುವುದಿಲ್ಲ, ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಲೇಬ್‌ಕೂಖನ್ ತಗಡಿನ ಡಬ್ಬದಲ್ಲೇ ಇರಲಿ, ವಾರಗಟ್ಟಲೆ ಮೆತ್ತಗಿರುತ್ತದೆ. ಮಗ್‌ಗಳನ್ನು ಒಂದೊಂದು ಉಣ್ಣೆ ಕಾಲುಚೀಲದೊಳಗೆ ತೂರಿಸಿ, ಸೂಟ್‌ಕೇಸಿನ ನಡುವೆ ಸ್ವೆಟರ್ ಸುತ್ತಿ ಇಡಿ. ಅಕ್ಕ ಹಾಗೆ ಒಯ್ದ ನಾಲ್ಕೂ ಮಗ್ ಶಿವಮೊಗ್ಗದವರೆಗೆ ಬಿರುಕಿಲ್ಲದೆ ಮುಟ್ಟಿದವು.